ಬಿದ್ದದ್ದಕ್ಕೆ ದಂಡ ಎಷ್ಟು?

‘ಪ್ರಿನ್ಸ್ ಆಫ್ ಪರ್ಷಿಯಾ’ ಸರಣಿಯಲ್ಲಿ ನಿಮ್ಮ ಮೆಚ್ಚಿನ ಆಟ ಯಾವುದು ಎಂದು ಯಾರನ್ನಾದರೂ ಕೇಳಿ. ಉತ್ತರ ಕೇಳಿದರೆ ಸಾಕು, ಅವರ ವಯಸ್ಸು ಹೇಳಿಬಿಡಬಹುದು. ಐವತ್ತರ ಆಸುಪಾಸಿನವರು 1989ರ ಮೊದಲ ಆಟದ ಹೆಸರು ಹೇಳುತ್ತಾರೆ, ಹೇಳುವಾಗ ಬೆರಳುಗಳು ಇಲ್ಲದ ಕೀಬೋರ್ಡಿನ ಮೇಲೆ ಆಡುತ್ತಿರುತ್ತವೆ. ನಲವತ್ತರ ಹತ್ತಿರದವರಿಗೆ 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಬಿಟ್ಟರೆ ಬೇರೆ ಇಲ್ಲ. ಕಾಲೇಜಿನಲ್ಲಿ ಹೆವಿ ಮೆಟಲ್ ಕೇಳಿಕೊಂಡಿದ್ದ ಕೆಲವರು ಮಾತ್ರ ತುಸು ಗಂಟಲೇರಿಸಿ ‘ವಾರಿಯರ್ ವಿದಿನ್’ ಅನ್ನುತ್ತಾರೆ. ಈ ವಾದದಲ್ಲಿ ನನ್ನ ತಕ್ಕಡಿಯೇ ಬೇರೆ. ಚಿತ್ರ ಎಷ್ಟು ಚೆಂದ, ಕತ್ತಿವರಸೆ ಎಷ್ಟು ಜೋರು ಎಂದು ನಾನು ತೂಗುವುದಿಲ್ಲ. ಬಿದ್ದರೆ ದಂಡ ಎಷ್ಟು ಎಂದು ನೋಡುತ್ತೇನೆ. ಮೂವತ್ತೈದು ವರ್ಷಗಳಲ್ಲಿ ಈ ಸರಣಿ ತಿದ್ದಿ ತಿದ್ದಿ ಬರೆದದ್ದು ಈ ಒಂದು ಲೆಕ್ಕವನ್ನೇ.

ಮೊದಲ ಆಟದ ದಂಡಸಂಹಿತೆ ಸ್ಪಷ್ಟ. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ. ಎರಡು ಅಂತಸ್ತು ಬಿದ್ದರೆ ಪರದೆಯ ಕೆಳಗಿನ ಕೆಂಪು ತ್ರಿಕೋನಗಳಲ್ಲಿ ಒಂದು ಹೋಗುತ್ತದೆ. ಮೂರು ಅಂತಸ್ತು ಬಿದ್ದರೆ ಸಾವು. ಸತ್ತರೆ ಆ ಲೆವೆಲ್ಲಿನ ಶುರುವಿಗೆ ವಾಪಸ್. ಎಷ್ಟು ಸಲ ಬೇಕಾದರೂ ಸಾಯಬಹುದು, ಆದರೆ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಮಂತ್ರಿ ಜಾಫರ್ ರಾಜಕುಮಾರಿಗೆ ಕೊಟ್ಟಿರುವುದು ಒಂದು ಗಂಟೆ ಗಡುವು, ಆ 60 ನಿಮಿಷ ಆಟಗಾರನ ನಿಜವಾದ 60 ನಿಮಿಷವೇ. ಪ್ರಾಣಕ್ಕೆ ಬೆಲೆಯಿಲ್ಲ, ಹೊತ್ತಿಗೆ ಬೆಲೆ.

ನಾನು ಈ ಆಟ ಕಲಿತದ್ದು ತೊಂಬತ್ತರ ದಶಕದ ಮೊದಲಲ್ಲಿ, ನಮ್ಮೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಗೆ ಹೋಗಿ, ಫ್ಲಾಪಿ ತೂರಿಸಿ, ಡಾಸ್ ಪ್ರಾಂಪ್ಟಿನಲ್ಲಿ ‘ಪ್ರಿನ್ಸ್’ ಎಂದು ಟೈಪ್ ಮಾಡಬೇಕು. ಮೇಷ್ಟ್ರು ಕಲಿಸಬೇಕಿದ್ದದ್ದು ವರ್ಡ್‌ಸ್ಟಾರ್. ಹಣ ಉಳಿಸಲೆಂದು ಅಲ್ಲಿ ಇಟ್ಟಿದ್ದವೆಲ್ಲ ಬಣ್ಣವಿಲ್ಲದ ಮಾನಿಟರುಗಳು. ಆಟದಲ್ಲಿ ಕೆಂಪು ಗುಳ್ಳೆಯ ಸೀಸೆ ಕುಡಿದರೆ ಜೀವ ತುಂಬುತ್ತದೆ, ನೀಲಿ ಗುಳ್ಳೆಯದು ವಿಷ. ನಮ್ಮ ಪರದೆಯಲ್ಲಿ ಎರಡೂ ಒಂದೇ! ಯಾವ ಲೆವೆಲ್ಲಿನ ಯಾವ ಮೂಲೆಯ ಸೀಸೆ ಒಳ್ಳೆಯದು ಎಂದು ನಾವು ಕುಡಿದು ಕುಡಿದು, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆವು. ಆಮೇಲೆ ಸೀನಿಯರ್ ಒಬ್ಬ ಗುಟ್ಟು ಹೇಳಿಕೊಟ್ಟ: ‘ಪ್ರಿನ್ಸ್’ ಆದ ಮೇಲೆ ಒಂದು ಜಾಗ ಬಿಟ್ಟು ‘ಮೆಗಾಹಿಟ್’ ಎಂದು ಸೇರಿಸಿ ಆಟ ತೆರೆದರೆ ಕೆ ಒತ್ತಿ ಕಾವಲುಗಾರನನ್ನು ಕೊಲ್ಲಬಹುದು, ಶಿಫ್ಟ್ ಜೊತೆ ಎಲ್ ಒತ್ತಿ ಲೆವೆಲ್ ಹಾರಿಸಬಹುದು. ಒಂದು ವಾರ ಎಲ್ಲರೂ ರಾಜಕುಮಾರಿಯನ್ನು ಬಿಡಿಸಿದ್ದೇ ಬಿಡಿಸಿದ್ದು. ಎರಡನೇ ವಾರ ಯಾರಿಗೂ ಆಟ ಬೇಡವಾಯಿತು. ದಂಡವಿಲ್ಲದ ಕಡೆ ರುಚಿಯೂ ಇರುವುದಿಲ್ಲ ಎಂಬುದು ಅಂದೇ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಬೀಳುವುದಕ್ಕೆ ಇಷ್ಟು ತೂಕ ಬಂದದ್ದು ಬೀಳುವವನಿಗೆ ಮೈ ಇದ್ದದ್ದರಿಂದ. ಅಮೆರಿಕದ ಜೋರ್ಡನ್ ಮೆಕ್ನರ್ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ‘ಕರಾಟೆಕಾ’ ಎಂಬ ಆಟ ಬರೆದು 1984ರಲ್ಲಿ ಹೆಸರು ಮಾಡಿದ್ದ ಹುಡುಗ. ಮರುವರ್ಷ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಶಾಲೆಯೊಂದರ ಎದುರಿನ ಪಾರ್ಕಿಂಗ್ ಜಾಗದಲ್ಲಿ ಓಡಿಸಿದ, ಹಾರಿಸಿದ, ಗೋಡೆ ಹತ್ತಿಸಿದ, ಎಲ್ಲವನ್ನೂ ವಿಡಿಯೊ ಮಾಡಿಕೊಂಡ. ಟಿ.ವಿ. ಪರದೆಯ ಮೇಲೆ ಚಿತ್ರ ನಿಲ್ಲಿಸಿ ನಿಲ್ಲಿಸಿ ಫೋಟೊ ತೆಗೆದು, ಅದರ ಮೇಲೆ ಕಪ್ಪು ಮಾರ್ಕರು, ಬಿಳಿ ವೈಟ್ನರು ಹಚ್ಚಿ ಆಕೃತಿ ಬಿಡಿಸಿಕೊಂಡು, ಅದನ್ನು ಆಪಲ್ 2 ಕಂಪ್ಯೂಟರಿಗೆ ಇಳಿಸಿದ. ಕತ್ತಿವರಸೆಗೆ ಮಾತ್ರ ತಮ್ಮ ಸಾಲಲಿಲ್ಲ. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದಲ್ಲಿ ಎರಾಲ್ ಫ್ಲಿನ್ ಮತ್ತು ಬೇಸಿಲ್ ರ‍್ಯಾತ್‌ಬೋನ್ ಕೆಲವೇ ಸೆಕೆಂಡು ಕ್ಯಾಮೆರಾಕ್ಕೆ ಸರಿಯಾಗಿ ಪಕ್ಕೆ ಕೊಟ್ಟು ಹೋರಾಡುತ್ತಾರೆ, ಅದನ್ನು ಎತ್ತಿಕೊಂಡ. ಸಂಗೀತ ಅಪ್ಪ ಫ್ರಾನ್ಸಿಸ್ ಮೆಕ್ನರ್ ಅವರದು. ಒಟ್ಟಿನಲ್ಲಿ ಮನೆಮಂದಿಯ ಕೆಲಸ.

ಹೀಗಾಗಿ ಆ ರಾಜಕುಮಾರ ಮಾರಿಯೊನ ಹಾಗೆ ರಬ್ಬರಿನ ಗೊಂಬೆ ಅಲ್ಲ. ಓಟಕ್ಕೆ ನಾಲ್ಕು ಹೆಜ್ಜೆ ವೇಗ ಬೇಕು, ನಿಲ್ಲಲು ಜಾರಿಕೊಂಡು ಹೋಗಬೇಕು, ಅಂಚು ಸಿಕ್ಕರೆ ಬೆರಳಲ್ಲಿ ನೇತಾಡಬೇಕು. ಬಿದ್ದು ಕೂತಾಗ ಮೊಣಕಾಲು ಮಡಿಯುತ್ತದೆ. ನೋಡುವವರ ಮೊಣಕಾಲಿಗೂ ನೋವಾಗುತ್ತದೆ.

ಈ ಸುಂದರ ಚಲನೆಯೇ ಕಂಪ್ಯೂಟರಿನ ನೆನಪಿನ ಜಾಗವನ್ನೆಲ್ಲ ನುಂಗಿಬಿಟ್ಟಿತ್ತು. ಮೊದಮೊದಲು ಆಟದಲ್ಲಿ ಕಾದಾಟವೇ ಇರಲಿಲ್ಲ, ಬರೀ ಗುಂಡಿ, ಮುಳ್ಳು, ಬಾಗಿಲು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಟೋಮಿ ಪಿಯರ್ಸ್ ‘ಕಾದಾಟ ಬೇಕು’ ಎಂದು ಬೆನ್ನು ಬಿಡಲಿಲ್ಲ. ಎದುರಾಳಿಯ ಚಿತ್ರ ಇಡಲು ಜಾಗವೆಲ್ಲಿ? ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕೆಯಷ್ಟು ಸರಿಸಿ ಅದರ ಮೇಲೆ ಅದನ್ನೇ ಇಟ್ಟು, ಎರಡೂ ಬೇರೆಯಾದ ಕಡೆ ಮಾತ್ರ ಬೆಳಗುವಂತೆ ಮಾಡಿದಾಗ ಹೊಳೆಯುವ ಗೆರೆಗಳ ಒಂದು ಆಕೃತಿ ಪುಕ್ಕಟೆಯಾಗಿ ಸಿಕ್ಕಿತು. ಅದೇ ನೆರಳು ಮನುಷ್ಯ. ನಾಲ್ಕನೇ ಲೆವೆಲ್ಲಿನಲ್ಲಿ ಕನ್ನಡಿಯೊಂದು ದಾರಿಗಡ್ಡ ನಿಲ್ಲುತ್ತದೆ. ಓಡಿ ಬಂದು ಅದರೊಳಗೆ ಹಾರಿದರೆ ಆ ಕಡೆಯಿಂದ ನೆರಳು ಹೊರಟುಹೋಗುತ್ತದೆ, ನಿಮ್ಮ ಪ್ರಾಣದಲ್ಲಿ ಪಾಲು ತೆಗೆದುಕೊಂಡು. ಐದನೆಯದರಲ್ಲಿ ನಿಮಗಿಂತ ಮೊದಲು ಬಂದು ಸೀಸೆ ಕುಡಿಯುತ್ತದೆ. ಆರನೆಯದರಲ್ಲಿ ನೀವು ಹಾರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿ ಬೀಳಿಸುತ್ತದೆ. ಹನ್ನೆರಡನೆಯದರಲ್ಲಿ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದ ಪ್ರತಿ ಏಟೂ ನಿಮಗೇ ತಾಗುತ್ತದೆ. ಅಷ್ಟು ಹೊತ್ತು ಕತ್ತಿಯನ್ನೇ ನಂಬಿ ಬಂದ ಆಟಗಾರ ಕತ್ತಿ ಒರೆಗೆ ಹಾಕಿ ಸುಮ್ಮನೆ ನಡೆದುಹೋಗಬೇಕು, ಇಬ್ಬರೂ ಒಂದಾಗುತ್ತಾರೆ. ಜಾಗದ ಬಡತನದಿಂದ ಹುಟ್ಟಿದ ಈ ಒಗಟಿಗೆ ಸಮನಾದದ್ದು ಇಡೀ ಸರಣಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಹಟ.

1992ರಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್‌ಗೆ ಬಂದ ಆವೃತ್ತಿ ಲೆವೆಲ್‌ಗಳನ್ನು 20ಕ್ಕೆ, ಗಡುವನ್ನು 120 ನಿಮಿಷಕ್ಕೆ ಏರಿಸಿತು. ಚೆಂದದ ಕೆಲಸವೇ, ಆದರೆ ಎರಡು ಗಂಟೆ ಎಂದ ಕೂಡಲೇ ಗಡಿಯಾರದ ಹೆದರಿಕೆ ಅರ್ಧ ಇಳಿಯಿತು. 1993ರ ‘ಪ್ರಿನ್ಸ್ ಆಫ್ ಪರ್ಷಿಯಾ 2: ದಿ ಶ್ಯಾಡೊ ಆ್ಯಂಡ್ ದಿ ಫ್ಲೇಮ್’ 75 ನಿಮಿಷ ಕೊಟ್ಟು ನಾಲ್ಕಾರು ಕಾವಲುಗಾರರನ್ನು ಒಟ್ಟಿಗೇ ಬಿಟ್ಟಿತು. ಬಣ್ಣ ಹೆಚ್ಚಿತು, ಮನೆಮಾಡು, ಹಡಗು, ಗುಹೆ, ಪಾಳುಗುಡಿ ಎಲ್ಲ ಬಂತು. ಯೋಚನೆ ಕಡಿಮೆಯಾಗಿ ಕಾದಾಟ ಜಾಸ್ತಿಯಾಯಿತು. ಕೊನೆಯಲ್ಲಿ ಮಾತ್ರ ಹಳೆಯ ಮಾಯೆ ಮರಳುತ್ತದೆ: ನಿಂತಲ್ಲೇ ಹಿಂದಕ್ಕೆ ಮುಂದಕ್ಕೆ ತಿರುಗುತ್ತ ಹೋದರೆ ದೇಹ ಬಿದ್ದು ನೆರಳು ಎದ್ದು ಹೊರಡುತ್ತದೆ. ಇದನ್ನು ತಾನಾಗಿಯೇ ಕಂಡುಕೊಂಡವರನ್ನು ನಾನು ಕಂಡಿಲ್ಲ. 1999ರ ‘ಪ್ರಿನ್ಸ್ ಆಫ್ ಪರ್ಷಿಯಾ 3ಡಿ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾಮೆರಾ ಎತ್ತಲೋ ನೋಡುತ್ತಿದ್ದಾಗ ಬಿದ್ದರೆ ಅದು ಆಟಗಾರನ ತಪ್ಪಲ್ಲ, ಅದಕ್ಕೆ ದಂಡ ಹಾಕುವುದು ನ್ಯಾಯವೂ ಅಲ್ಲ.

ಹೊಸ ನ್ಯಾಯ ಬರೆದದ್ದು ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ತಂಡ. ಮೆಕ್ನರ್‌ನನ್ನೇ ಕರೆಸಿ ಕಥೆ ಬರೆಸಿದರು. 2003ರಲ್ಲಿ ಬಂದ ‘ಸ್ಯಾಂಡ್ಸ್ ಆಫ್ ಟೈಮ್’ ಶುರುವಾಗುವುದು ಭಾರತದಲ್ಲಿ. ಪರ್ಷಿಯದ ಸೈನ್ಯ ಮಹಾರಾಜನೊಬ್ಬನ ಅರಮನೆಗೆ ಮುತ್ತಿಗೆ ಹಾಕುತ್ತದೆ, ಮನೆಮುರುಕ ಮಂತ್ರಿಯ ದ್ರೋಹದಿಂದ ಕೋಟೆ ಬೀಳುತ್ತದೆ, ರಾಜಕುಮಾರ ಅಲ್ಲಿಂದ ಲೂಟಿ ಮಾಡಿದ ಕಠಾರಿಯೇ ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿ. ನಾಯಕಿ ಫರಾ ಆ ಮಹಾರಾಜನ ಮಗಳು. ಹಿಂದೂ ರಾಜನ ಮಗಳಿಗೆ ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದ್ದ ನನ್ನ ಗೆಳೆಯನಿಗೆ, ಮಹಾರಾಜ ಹಿಂದೂ ಎಂದು ಆಟ ಎಲ್ಲಿ ಹೇಳಿದೆ ಎಂದು ಇನ್ನೊಬ್ಬ ಬಾಯಿ ಮುಚ್ಚಿಸಿದ್ದ.

ಈಗ ಬಿದ್ದರೆ ಒಂದು ಬಟನ್ ಹಿಡಿದರಾಯಿತು. ಬೀಳುತ್ತಿದ್ದವನು ತಲೆಕೆಳಗಾಗಿ ಮೇಲೇರಿ, ಹಾರಿದ ಅಂಚಿಗೇ ಬಂದು ನಿಲ್ಲುತ್ತಾನೆ. ಪುಕ್ಕಟೆ ಅಲ್ಲ: ಕಠಾರಿಯಲ್ಲಿ ಮರಳು ಇದ್ದರೆ ಮಾತ್ರ, ಮರಳು ಬೇಕೆಂದರೆ ಮರಳಿನ ಭೂತಗಳನ್ನು ಕೊಲ್ಲಬೇಕು. ಮರಳು ಮುಗಿದು ಸತ್ತೇಹೋದರೆ? ಇಡೀ ಆಟ ರಾಜಕುಮಾರ ಯಾರಿಗೋ ಹೇಳುತ್ತಿರುವ ಕಥೆ. ನೀವು ಸತ್ತಾಗ ಅವನು ತಡವರಿಸಿ, ಹಾಗಾಗಲಿಲ್ಲ, ನಾನು ತಪ್ಪು ಹೇಳಿದೆ ಎಂದು ತಿದ್ದಿಕೊಳ್ಳುತ್ತಾನೆ. ಆಟಗಾರನ ಸೋಲನ್ನು ಹರಿಕಥೆ ದಾಸರ ನಾಲಿಗೆ ತೊಡರಿದ್ದಕ್ಕೆ ಸಮ ಮಾಡಿದ ಈ ಜಾಣತನಕ್ಕೆ ನಾನು ಸೋತಿದ್ದೇನೆ. ಕಥೆ ಕೇಳುತ್ತಿದ್ದವಳು ಫರಾ ಎಂದು ತಿಳಿಯುವುದು ಕೊನೆಯಲ್ಲಿ, ಅಷ್ಟರಲ್ಲಿ ಕಾಲ ಹಿಂದಕ್ಕೆ ಹೋಗಿ ಅವಳಿಗೆ ಅವನ ಗುರುತೇ ಇರುವುದಿಲ್ಲ. ಹೊತ್ತನ್ನು ಹಿಂದೆ ತಿರುಗಿಸುವುದಕ್ಕೂ ಬೆಲೆ ಇದೆ, ಅದನ್ನು ಆಟ ಕಡೆಗೆ ವಸೂಲಿ ಮಾಡಿಯೇ ಬಿಡುತ್ತದೆ.

ಮರುವರ್ಷದ ‘ವಾರಿಯರ್ ವಿದಿನ್’ ಕರಿ ಮುಖ, ಕಿರುಚುವ ಗಿಟಾರು, ರಕ್ತ. ಆ ಹಿಂಸೆ, ಆ ಶೈಲಿ ತನಗೆ ಹಿಡಿಸಲಿಲ್ಲ ಎಂದು ಮೆಕ್ನರ್ ಬಹಿರಂಗವಾಗಿಯೇ ಹೇಳಿದ. ಆದರೂ ನ್ಯಾಯವಾಗಿ ಒಂದು ಮಾತು: ಅದರಲ್ಲಿ ಬೆನ್ನಟ್ಟುವ ದಹಾಕ ಎಂಬ ಭೂತ ಕಾಲವನ್ನು ತಿರುಚಿದ ತಪ್ಪಿಗೆ ಬಂದ ಜಪ್ತಿಯ ಅಮೀನ. ಹಿಂದಿನ ಆಟದ ಸಾಲವನ್ನು ಮುಂದಿನ ಆಟದಲ್ಲಿ ವಸೂಲಿ ಮಾಡಿದ ಬುದ್ಧಿ ಮೆಚ್ಚಲೇಬೇಕು. 2005ರ ‘ಟೂ ಥ್ರೋನ್ಸ್’ ಇಬ್ಬರನ್ನೂ ಮೆಚ್ಚಿಸಲು ಹೋಗಿ ನಡುವೆ ನಿಂತಿತು. ಅದೇ ಹೊತ್ತಿಗೆ ಮಾಂಟ್ರಿಯಲ್‌ನಲ್ಲಿ ಈ ಸರಣಿಯ ಮುಂದಿನ ಕಂತೆಂದು ಶುರುವಾದ ಕೆಲಸವೊಂದು ದಾರಿ ಬದಲಿಸಿ 2007ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್’ ಆಗಿ ಹೊರಬಂತು. ಮಗ ಮನೆ ಬಿಟ್ಟು ಹೋಗಿ ಅಪ್ಪನಿಗಿಂತ ದೊಡ್ಡ ಮನೆ ಕಟ್ಟಿದ.

2008ರ ಆಟಕ್ಕೆ ಬರೀ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂದೇ ಹೆಸರು. ಬಣ್ಣದ ಚಿತ್ರಪಟದಂಥ ಈ ಆಟದಲ್ಲಿ ಸಾವೇ ಇಲ್ಲ. ಬಿದ್ದರೆ ಜೊತೆಗಾತಿ ಎಲಿಕಾ ಕೈ ಚಾಚಿ ಹಿಡಿದು ಮತ್ತೆ ಗಟ್ಟಿ ನೆಲದ ಮೇಲೆ ಇಳಿಸುತ್ತಾಳೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಆಡುವವರು ಸಿಟ್ಟಾದರು, ಇದೇನು ಮಕ್ಕಳಾಟವೇ ಎಂದರು. ನಾನೂ ಅಂದವನೇ. ಕೊನೆಯಲ್ಲಿ ದುಷ್ಟ ಅಹ್ರಿಮನ್‌ನನ್ನು ಮತ್ತೆ ಕಟ್ಟಿಹಾಕಲು ಎಲಿಕಾ ಪ್ರಾಣ ಕೊಡುತ್ತಾಳೆ. ಆಗ ಆಟಗಾರ ತನ್ನ ಕೈಯಾರೆ ಒಂದೊಂದೇ ಮರ ಕಡಿದು, ಅವಳನ್ನು ಬದುಕಿಸಿ, ಅಹ್ರಿಮನ್‌ನನ್ನು ಬಿಡುಗಡೆ ಮಾಡಬೇಕು. ಅಷ್ಟೂ ಹೊತ್ತು ಬೀಳದಂತೆ ಹಿಡಿದವಳ ಋಣ ಅದು. ಈಗ ಯೋಚಿಸಿದರೆ, ನಾವು ಬೈದದ್ದು ಅವಸರದಲ್ಲಿ.

2010ರಲ್ಲಿ ‘ಫರ್ಗಾಟನ್ ಸ್ಯಾಂಡ್ಸ್’ ಬಂತು, ಡಿಸ್ನಿಯ ಸಿನಿಮಾ ಬಂತು. ಹರಿಯುವ ನೀರನ್ನು ಕ್ಷಣಕಾಲ ಹೆಪ್ಪುಗಟ್ಟಿಸಿ ಅದನ್ನೇ ಕಂಬದಂತೆ ಹಿಡಿದು ಹತ್ತುವ ಒಗಟುಗಳಿಗಾಗಿ ಆಟವನ್ನು ನೆನಪಿಟ್ಟುಕೊಳ್ಳಬಹುದು. ಆಮೇಲೆ ಬಹಳ ವರ್ಷ ದೊಡ್ಡದೇನೂ ಇಲ್ಲ. 2020ರಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ಹೊಸದಾಗಿ ಕಟ್ಟುವ ಕೆಲಸ ಯೂಬಿಸಾಫ್ಟಿನ ಪುಣೆ, ಮುಂಬೈ ತಂಡಗಳಿಗೆ ಬಂದಿದೆ ಎಂದು ತಿಳಿದಾಗ ಇಲ್ಲಿಯ ಹಳೆಯ ಆಟಗಾರರು ಹಿಗ್ಗಿದ್ದು ಹೌದು. ಫರಾಳ ತವರಿಗೆ ಕಥೆ ಮರಳಿದ ಹಾಗಿತ್ತು. ಮೊದಲ ಟ್ರೇಲರ್‌ನ ಚಿತ್ರಗಳಿಗೆ ಬೈಗುಳ ಬಿತ್ತು, ಬಿಡುಗಡೆ ಮುಂದಕ್ಕೆ ಹೋಯಿತು, 2022ರಲ್ಲಿ ಕೆಲಸವೇ ಮಾಂಟ್ರಿಯಲ್‌ಗೆ ಹೋಯಿತು.

2024ರ ಜನವರಿಯಲ್ಲಿ ಬಂದ ‘ದಿ ಲಾಸ್ಟ್ ಕ್ರೌನ್’ ಫ್ರಾನ್ಸಿನ ಮಾಂಪೆಲಿಯೆ ತಂಡದ್ದು. ಮತ್ತೆ ಪಕ್ಕದಿಂದ ನೋಡುವ ಆಟ. ನಾಯಕ ಸರ್ಗೋನ್ ರಾಜಕುಮಾರನಲ್ಲ, ಅಪಹರಣವಾದ ರಾಜಕುಮಾರನನ್ನು ಹುಡುಕಿ ಕಾಫ್ ಪರ್ವತಕ್ಕೆ ಹೊರಟ ಯೋಧ. ಪಾತ್ರಗಳನ್ನು ಫಾರ್ಸಿಯಲ್ಲೇ ಮಾತಾಡಿಸಿಕೊಂಡು ಆಡಬಹುದು. ಪರ್ಷಿಯದವರು ಪರ್ಷಿಯದ ಮಾತಾಡಲು 35 ವರ್ಷ ಬೇಕಾಯಿತು. ನಿಂತ ಜಾಗದಲ್ಲಿ ತನ್ನ ನೆರಳೊಂದನ್ನು ಬಿಟ್ಟು ಮುಂದೆ ಹೋಗಿ, ಬೇಕಾದಾಗ ಅಲ್ಲಿಗೇ ಜಿಗಿದು ವಾಪಸಾಗುವ ಶಕ್ತಿ ಸರ್ಗೋನನಿಗಿದೆ. ಅದು ಕನ್ನಡಿಯಿಂದ ಹಾರಿಹೋದ ಹಳೆಯ ನೆರಳೇ, ಈಗ ಪಳಗಿ ಮನೆಗೆ ಬಂದಿದೆ ಎಂದು ನನಗನಿಸುತ್ತದೆ. ದಂಡದ ವಿಷಯದಲ್ಲಿ ಈ ಆಟ ಎಷ್ಟು ದಂಡ ಬೇಕೆಂದು ಆಟಗಾರನನ್ನೇ ಕೇಳುತ್ತದೆ. ಕಷ್ಟದ ಹಾರಾಟ ಬೇಡವೆಂದರೆ ದಾಟಿಸಿಬಿಡುವ ಬಾಗಿಲು ಕೂಡ ಸೆಟ್ಟಿಂಗ್ಸ್‌ನಲ್ಲಿದೆ.

ನನ್ನ ತಕ್ಕಡಿಯಲ್ಲಿ ಮೊದಲನೆಯದೇ ಭಾರ, ಕೂದಲೆಳೆಯಷ್ಟು ಹಿಂದೆ ‘ಸ್ಯಾಂಡ್ಸ್ ಆಫ್ ಟೈಮ್’, ಮೂರನೆಯದು ‘ಲಾಸ್ಟ್ ಕ್ರೌನ್’. ಹೋದ ಬೇಸಿಗೆಯಲ್ಲಿ ‘ಲಾಸ್ಟ್ ಕ್ರೌನ್’ ಮುಗಿಸಿದ್ದ ಅಕ್ಕನ ಮಗನಿಗೆ ಹಳೆಯ ಡಾಸ್ ಆಟ ಹಚ್ಚಿಕೊಟ್ಟೆ. ಎರಡನೇ ನಿಮಿಷಕ್ಕೇ ಅಲುಗುವ ಕಲ್ಲಿನ ಜೊತೆ ಕೆಳಗೆ ಹೋದ.

“ಹಿಂದಕ್ಕೆ ಹೋಗೋ ಬಟನ್ ಯಾವುದು ಮಾಮಾ?”

“ಇಲ್ಲ.”

“ಸೇವ್?”

“ಮೂರನೇ ಲೆವೆಲ್ ಮುಟ್ಟಿದ ಮೇಲೆ.”

ನನ್ನನ್ನೊಮ್ಮೆ ನೋಡಿ ಮತ್ತೆ ಶುರು ಮಾಡಿದ. ರಾತ್ರಿ ಊಟಕ್ಕೆ ಕರೆದಾಗ ಎಲುಬಿನ ಗೂಡಿನ ಕಾವಲುಗಾರನಿಗೆ ಹದಿನೈದನೇ ಸಲ ಕತ್ತಿ ಚುಚ್ಚುತ್ತಿದ್ದ. ಅದು ಚುಚ್ಚಿದರೆ ಸಾಯುವುದಿಲ್ಲ, ಅಂಚಿನವರೆಗೆ ಹಿಮ್ಮೆಟ್ಟಿಸಿ ಬೀಳಿಸಬೇಕು. ನಾನು ಹೇಳಲಿಲ್ಲ. ಗಡಿಯಾರದಲ್ಲಿ ಇನ್ನೂ 31 ನಿಮಿಷ ಇತ್ತು.