ಕುಸನೂರಿನಲ್ಲಿ ಕಿತ್ತ ನೀಲಗಿರಿ

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಇಬ್ಬರೂ ಕೂಡಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ನಲ್ಲಿ ಸರ್ಕಾರದ ಪಾಲು ಶೇ 51, ಬಿರ್ಲಾ ಬಳಗದ ಕಾರ್ಖಾನೆಯದು ಶೇ 49. ಯಜಮಾನಿಕೆ ಸರ್ಕಾರದ್ದು, ಫಸಲು ಕಾರ್ಖಾನೆಯದು: ಬೆಳೆದ ಮರದಲ್ಲಿ ಶೇ 87.5 ನೇರ ಅಲ್ಲಿಗೇ ಹೋಗಬೇಕು, ಉಳಿದದ್ದನ್ನು ಕೊಳ್ಳುವ ಅವಕಾಶವೂ ಅದಕ್ಕೇ. ನಾಲ್ಕು ಜಿಲ್ಲೆಗಳ 30,000 ಹೆಕ್ಟೇರ್ ನೆಲ 40 ವರ್ಷದ ಗುತ್ತಿಗೆಗೆ ಹೋಯಿತು. ಬಾಡಿಗೆ, ಎಕರೆಗೆ ವರ್ಷಕ್ಕೆ ಒಂದು ರೂಪಾಯಿ.

ಕಾಗದದ ಮೇಲೆ ಅದು ಪಾಳು ಜಮೀನು. ಊರಿನವರಿಗೆ ದನ ಮೇಯಿಸುವ, ಉರುವಲು ಆರಿಸುವ ಜಾಗ. ಸ್ವಂತ ಹೊಲವಿಲ್ಲದವರ ಆಡು, ಎಮ್ಮೆಗಳಿಗೆ ಬೇರೆ ಆಸರೆ ಎಲ್ಲಿತ್ತು? ಅಲ್ಲಿ ಎದ್ದು ನಿಂತದ್ದು ದನ ಮೂಸಿಯೂ ನೋಡದ ನೀಲಗಿರಿ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು.

ಕೋರ್ಟಿನ ಕಾಗದವನ್ನಷ್ಟೇ ನಂಬಿ ಜನ ಕೂರಲಿಲ್ಲ. ಒಪ್ಪಂದವಾಗಿ ಸರಿಯಾಗಿ ಮೂರು ವರ್ಷಕ್ಕೆ, 1987ರ ನವೆಂಬರ್ 14ರಂದು, ಹಾನಗಲ್ಲ ತಾಲ್ಲೂಕಿನ ಕುಸನೂರಿಗೆ ಸುಮಾರು ಎರಡು ಸಾವಿರ ಜನ ಬಂದು ಸೇರಿದರು. ಅಹಿಂಸೆಯ ತರಬೇತಿ ಮೊದಲೇ ನಡೆದಿತ್ತು. ಹೆಂಗಸರು, ಮಕ್ಕಳೆಲ್ಲ ವಾದ್ಯದ ಹಿಂದೆ ನೆಡುತೋಪಿಗೆ ನಡೆದರು. ಸುಮಾರು ನೂರು ನೀಲಗಿರಿ ಸಸಿ ಕಿತ್ತು, ಹಣ್ಣು, ಮೇವು ಕೊಡುವ ಸಸಿ ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಎಂದು ಅದು ಹೆಸರಾಯಿತು. ಬರೀ ಕೀಳುವ ಚಳವಳಿಯಾಗಿದ್ದರೆ ಇಷ್ಟು ಕಾಲ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಕಾಡಿನಿಂದ ತಮಗೆ ಏನೇನು ಬೇಕೆಂಬುದನ್ನು ಅವರು ಅಲ್ಲೇ ನೆಟ್ಟು ತೋರಿಸಿದ್ದರು.

ದೆಹಲಿಯ ಮಾತು ಅಲ್ಲಿಯವರೆಗೆ ಬೇರೆಯೇ ಇತ್ತು. 1952ರ ಅರಣ್ಯ ನೀತಿಯ ಪ್ರಕಾರ ಕಾಡಿನಂಚಿನ ಊರುಗಳ ಬಳಕೆ ರಾಷ್ಟ್ರದ ಹಿತಕ್ಕೆ ಅಡ್ಡ ಬರಕೂಡದು. 1988ರ ಡಿಸೆಂಬರ್‌ನಲ್ಲಿ ಬಂದ ಹೊಸ ನೀತಿ ಆ ಕ್ರಮವನ್ನು ತಿರುಗಿಸಿತು. ಹಳ್ಳಿಗರ, ಬುಡಕಟ್ಟು ಜನರ ಉರುವಲು, ಮೇವು, ಕಿರು ಉತ್ಪನ್ನ, ಸಣ್ಣ ಮರಮುಟ್ಟುಗಳ ಅಗತ್ಯ ನೀತಿಯ ಮೂಲ ಉದ್ದೇಶಗಳಲ್ಲಿ ಸೇರಿತು. ಕಾರ್ಖಾನೆಗಳು ತಮ್ಮ ಕಚ್ಚಾಮಾಲಿಗೆ ರೈತರೊಡನೆ ನೇರ ಸಂಬಂಧ ಬೆಳೆಸಿಕೊಳ್ಳಬೇಕೆಂದಿತು. ಕುಸನೂರಿನಂಥ ಊರುಗಳು ಕೇಳುತ್ತಿದ್ದದ್ದೂ ಇದನ್ನೇ.

1991ರಲ್ಲಿ ಸರ್ಕಾರ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಿತು. 1993ರಲ್ಲಿ ಕರ್ನಾಟಕ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿತು. ನೆಲದ ಒಡೆತನ ಮಾತ್ರ ಇಲಾಖೆಯ ಕೈಯಲ್ಲೇ ಉಳಿಯಿತು. ಸಮುದಾಯದ ಅರಣ್ಯ ಹಕ್ಕನ್ನು ಸಂಸತ್ತು ಕಾನೂನಿನಲ್ಲಿ ಒಪ್ಪಿಕೊಳ್ಳಲು 2006ರವರೆಗೆ ಕಾಯಬೇಕಾಯಿತು.