ತಾತ್ಕಾಲಿಕ ಕ್ಯಾಷ್ (ಅಪಾಚೆ ಇಗ್ನೈಟ್)

ಅನೇಕ ಗಣಕಯಂತ್ರಗಳು ಒಂದುಗೂಡಿ ಏಕ ದತ್ತಕೋಶದಂತೆ ವರ್ತಿಸುವ ಕ್ಲಸ್ಟರಿನಲ್ಲಿ, ಒಂದು ಲೆಕ್ಕಾಚಾರದ ಅಥವಾ ಒಂದು ವರದಿಯ ಅವಧಿಗಷ್ಟೇ ನಿರ್ಮಿತವಾಗಿ, ಕಾರ್ಯ ಮುಗಿದೊಡನೆ ವಿಸರ್ಜಿತವಾಗತಕ್ಕ ದತ್ತಸಂಗ್ರಹವನ್ನು ತಾತ್ಕಾಲಿಕ ಕ್ಯಾಷ್ ಎನ್ನುವರು. ಗ್ರಿಡ್‌ಗೇನ್ ಸಂಸ್ಥೆಯಿಂದ 2014ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಬಂದ ಇಗ್ನೈಟ್ ತಂತ್ರಾಂಶವು 2017ರ 2.1ನೆಯ ಆವೃತ್ತಿಯಲ್ಲಿ ದತ್ತಾಂಶವನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುವ ಸ್ವಂತ ಸಾಮರ್ಥ್ಯವನ್ನು ಪಡೆದಂದಿನಿಂದ, ಇಂತಹ ಅಲ್ಪಾಯುಗಳ ನಿರ್ವಹಣೆ ಅದರಲ್ಲಿ ಗಹನವಾದ ವಿಷಯವಾಗಿದೆ.

ಬೇರೆ ಸೂಚನೆ ಇಲ್ಲದಿದ್ದಲ್ಲಿ ಕ್ಯಾಷ್ 1024 ಪಾರ್ಟಿಷನ್‌ಗಳಾಗಿ ಒಡೆದು, ನೋಡ್‌ಗಳೆಂಬ ಕ್ಲಸ್ಟರಿನ ಸದಸ್ಯರಲ್ಲಿ ಹಂಚಿಹೋಗುವುದರಿಂದ, ಹೊಸದನ್ನು ಸೃಷ್ಟಿಸುವಾಗಲೂ ಹಳೆಯದನ್ನು ಅಳಿಸುವಾಗಲೂ ಯಾವ ಪಾರ್ಟಿಷನ್ ಎಲ್ಲಿರುವುದೆಂಬುದನ್ನು ಕ್ಲಸ್ಟರಿನ ನೋಡ್‌ಗಳು ಪರಸ್ಪರ ಅರುಹಿ ಸಮ್ಮತಿಗೆ ಬರಬೇಕಾಗುವುದು. ಡಿಸ್ಕಿನ ವ್ಯವಸ್ಥೆಯಿದ್ದರಂತೂ ಪಾರ್ಟಿಷನ್ನಿಗೊಂದು ಕಡತ, ಪ್ರತಿಯೊಂದು ಬದಲಾವಣೆಗೂ ಮುಂಗಡ ಲಾಗಿನಲ್ಲಿ ದಾಖಲೆ, ಸಾಮಾನ್ಯವಾಗಿ 3 ನಿಮಿಷಗಳಿಗೊಮ್ಮೆ, ಬದಲಾದ ಪುಟಗಳನ್ನು ಡಿಸ್ಕಿಗೆ ಬರೆಯುವ ಚೆಕ್‌ಪಾಯಿಂಟ್ ಇವೆಲ್ಲ ಕೂಡಿಕೊಳ್ಳುತ್ತವೆ. ಅರ್ಧ ಗಂಟೆ ಬಾಳುವ ಕ್ಯಾಷಿಗೆ ಇಷ್ಟು ಸಂಭ್ರಮ ಅತಿಯೆಂದೇ ಹೇಳಬೇಕು.

ಡಿಸ್ಕಿಗೆ ಬರೆಯುವುದೋ ಬಿಡುವುದೋ ಎಂಬ ನಿರ್ಧಾರ ಇಗ್ನೈಟಿನಲ್ಲಿ ಕ್ಯಾಷಿಗಲ್ಲ, ಅದು ನೆಲೆಸಿರುವ ಡೇಟಾ ರೀಜನ್ ಎಂಬ ಸ್ಮೃತಿಭಾಗಕ್ಕೆ ಸೇರಿದ್ದು. ಆದುದರಿಂದ ಡಿಸ್ಕಿನ ಸಂಬಂಧವಿಲ್ಲದ ರೀಜನ್ನೊಂದನ್ನು ಬೇರೆಯಾಗಿ ರಚಿಸಿ, ತಾತ್ಕಾಲಿಕಗಳನ್ನೆಲ್ಲ ಅಲ್ಲಿಗೆ ಸೇರಿಸುವುದು ಮೊದಲ ಪರಿಹಾರ. ಹಲವು ಕ್ಯಾಷ್‌ಗಳನ್ನು ಒಂದು ಗುಂಪಿಗೆ ಸೇರಿಸಿದರೆ ಪಾರ್ಟಿಷನ್‌ಗಳೂ ಕಡತಗಳೂ ಎಲ್ಲಕ್ಕೂ ಒಂದೇ ಆಗಿ, ಹೊರೆ ಇಳಿಯುವುದು ನಿಜ. ಆದರೆ ಗುಂಪಿನ ಒಂದನ್ನು ಅಳಿಸಬೇಕಾದಾಗ ಕಡತವನ್ನೇ ಕಿತ್ತೊಗೆಯಲು ಬಾರದೆ, ಅದಕ್ಕೆ ಸೇರಿದ ನಮೂದುಗಳನ್ನಷ್ಟೇ ಹೆಕ್ಕಿ ತೆಗೆಯಬೇಕಾಗುವುದು. ಪದೇಪದೇ ಸೃಷ್ಟಿ ಸಂಹಾರಗಳನ್ನು ನಡೆಸುವುದಕ್ಕಿಂತ, ಕೆಲಸದ ಗುರುತನ್ನು ಕೀಲಿಯಲ್ಲಿ ಅಡಕಗೊಳಿಸಿ, ನಮೂದುಗಳಿಗೆ ಆಯುರ್ಮಿತಿಯನ್ನು ವಿಧಿಸಿ, ಸ್ಥಾಯಿಯಾದ ಒಂದೇ ಕ್ಯಾಷನ್ನು ಬಳಸುವುದು ಬಹುತೇಕ ಸಂದರ್ಭಗಳಲ್ಲಿ ಮೇಲು. ಅದು ಡಿಸ್ಕಿನ ಮೇಲಿದ್ದಲ್ಲಿ ಮಾತ್ರ, ಅವಧಿ ಮೀರಿದ ನಮೂದುಗಳು ಅಳಿದ ಮೇಲೆಯೂ ಕಡತದ ಗಾತ್ರ ತಾನಾಗಿ ಕುಗ್ಗದು. ತೆರವಾದ ಪುಟಗಳು ಮುಂದಿನ ಬರಹಕ್ಕೆ ಒದಗುವುವು.

ಇನ್ನೊಂದು ತೊಡಕು ವಿಲಕ್ಷಣವಾದುದು. ನೋಡ್ ಒಂದು ಸ್ಥಗಿತಗೊಂಡಿದ್ದ ವೇಳೆಯಲ್ಲಿ ಡಿಸ್ಕಿನ ಕ್ಯಾಷೊಂದು ಅಳಿಸಲ್ಪಟ್ಟರೆ, ಆ ವಾರ್ತೆಯನ್ನರಿಯದ ನೋಡ್ ತನ್ನ ಹಳೆಯ ಕಡತಗಳೊಡನೆಯೇ ಹಿಂದಿರುಗುವುದು. ಈಚಿನ ಆವೃತ್ತಿಗಳು, ಕ್ಲಸ್ಟರಿನಲ್ಲಿಲ್ಲದ ಕ್ಯಾಷಿನ ದತ್ತಾಂಶ ಆ ನೋಡಿನಲ್ಲಿರುವುದನ್ನು ಕಂಡು, ಆ ಕಡತಕೋಶವನ್ನು ತೆಗೆದುಹಾಕುವ ತನಕ ನೋಡನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತೆಗೆಯುವ ಕೆಲಸವನ್ನು ನಿರ್ವಾಹಕನೇ ಕೈಯಾರೆ ಮಾಡತಕ್ಕದ್ದು.