ತಗಡಿನ ಗೋಡೆಯೂ ಲಾರಿಯ ಬ್ರೇಕೂ

ಮೋಟಾರು ವಾಹನಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದನ್ನು ಓಟದ ಚರಿತ್ರೆಯಾಗಿಯೇ ಬರೆದಿದ್ದಾರೆ. ಎಂಜಿನ್ನಿನ ಶಕ್ತಿ ಎಷ್ಟು, ಗಂಟೆಗೆ ಎಷ್ಟು ಮೈಲಿ ಎಂಬುದೇ ಅಲ್ಲಿ ಪ್ರಧಾನ. ಓಡುವ ಗಾಡಿ ನಿಲ್ಲುವುದು ಹೇಗೆಂಬ ಪ್ರಶ್ನೆ ಏಳುವುದು ಇಳಿಜಾರಿನಲ್ಲಿ. ಊರಿಗೆ ಹೋಗಿಬರುವಾಗ ಖಂಡಾಲಾ ಘಾಟಿಯನ್ನೋ ಆಗುಂಬೆಯನ್ನೋ ಇಳಿದಿರುವ ನಮ್ಮ ವಾಚಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆ ನಿಲ್ಲಿಸುವ ವಿದ್ಯೆಯ ಚರಿತ್ರೆಯಲ್ಲಿ ಒಂದು ಸಣ್ಣ ಅಧ್ಯಾಯವನ್ನು ಇಲ್ಲಿ ನಿರೂಪಿಸುತ್ತೇನೆ.

ಮೊದಮೊದಲು ಬ್ರೇಕೆಂದರೆ ಸರಳು, ಸನ್ನೆ, ತಂತಿಗಳ ಕೂಟ. ನಾಲ್ಕು ಚಕ್ರಗಳನ್ನೂ ಸರಿಸಮನಾಗಿ ಹಿಡಿಯುವುದು ಅದರಿಂದ ಆಗುತ್ತಿರಲಿಲ್ಲ. ಒಂದು ಚಕ್ರ ಮೊದಲು ಹಿಡಿದರೆ ಗಾಡಿ ಓರೆಯಾಗಿ ಎಳೆಯುತ್ತಿತ್ತು. ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪ್ಯಾಸ್ಕಲ್ ಪಂಡಿತನು 17ನೆಯ ಶತಮಾನದಲ್ಲೇ ಹೇಳಿದ್ದ. ಆ ತತ್ತ್ವವನ್ನು ಮೋಟಾರಿನ ಚಕ್ರಕ್ಕೆ ತಂದವರಲ್ಲಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಅಗ್ರಗಣ್ಯ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕನ್ನು ಹೊತ್ತು ಮಾರಾಟಕ್ಕೆ ಬಂದಿತು. ಅದೇ ವರ್ಷ ಅದೇ ಕಂಪನಿಯ ಪಂದ್ಯದ ಕಾರು ಫ್ರಾನ್ಸಿನ ಗ್ರ್ಯಾನ್ ಪ್ರೀ ಸ್ಪರ್ಧೆಯನ್ನು ಗೆದ್ದಿತು. 1924ರಲ್ಲಿ ಕ್ರೈಸ್ಲರ್ ಕಂಪನಿಯವರು ಚರ್ಮದ ಬಟ್ಟಲುಗಳು ಸೋರುವುದನ್ನು ಕಂಡು ರಬ್ಬರಿನವನ್ನು ಹಾಕಿ, ಮಧ್ಯಮ ಬೆಲೆಯ ಕಾರಿಗೂ ಈ ಬ್ರೇಕನ್ನು ಒದಗಿಸಿದರು. ಹೆನ್ರಿ ಫೋರ್ಡ್ ಮಾತ್ರ ಉಕ್ಕಿನ ಸರಳನ್ನೇ ನೆಚ್ಚಿಕೊಂಡು 1939ರ ಮಾದರಿಯ ತನಕ ಹಟ ಬಿಡಲಿಲ್ಲ. ಮಹಾಶಯರ ಹಟವೂ ಮಹತ್ತೇ!

ಈ ಕ್ರೈಸ್ಲರ್ ಕಂಪನಿಯ ಹೆಸರು ನಮ್ಮ ಕಡೆಗೂ ಬಂದು ಮುಟ್ಟುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ನಮ್ಮಲ್ಲೂ ಅಂಥದೊಂದು ಏಳಬೇಕೆಂದು ಪಟ್ಟು ಹಿಡಿದರು. ಅದನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಯತ್ನಕ್ಕೆ ಬ್ರಿಟಿಷ್ ಸರಕಾರದ ಒಪ್ಪಿಗೆ ದೊರೆಯಲಿಲ್ಲ. ಕಡೆಗೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ಕ್ರೈಸ್ಲರ್‌ನವರೊಡನೆ ಒಪ್ಪಂದ ಮಾಡಿಕೊಂಡು 1947ರಲ್ಲಿ ಕೆಲಸಕ್ಕೆ ತೊಡಗಿತು. ಡಾಜ್, ಫಾರ್ಗೋ ಲಾರಿಗಳ ಹೆಸರನ್ನು ಕೇಳದ ಹಳಬರುಂಟೆ?

ಇರಲಿ, ಅಮೆರಿಕಕ್ಕೇ ಮರಳೋಣ. ಎರಡನೆಯ ಮಹಾಯುದ್ಧದ ಅನಂತರ ಅಲ್ಲಿಯ ರೈತನೂ ಬಡಗಿಯೂ ಕೊಂಡದ್ದು ಸಣ್ಣ ಪಿಕಪ್ ಲಾರಿಯನ್ನು. 1947ರ ಷೆವ್ರೊಲೆ, 1948ರ ಫೋರ್ಡ್ ಇಂಥವು. ಇವುಗಳಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರು ಚಾಲಕನ ಕಾಲ ಕೆಳಗೆ, ನೆಲದ ತಗಡಿನ ಅಡಿಯಲ್ಲಿ, ಚಾಸಿಸ್ಸಿಗೆ ಬಿಗಿದಿರುತ್ತಿತ್ತು. ಪೆಡಲು ನೆಲವನ್ನು ತೂರಿ ಮೇಲೆ ಬರುತ್ತಿತ್ತು. ಚಾಸಿಸ್ಸು ದಪ್ಪ ಉಕ್ಕು. ಎಷ್ಟು ಒದ್ದರೂ ಅಲುಗದು. ಆದರೆ ರಸ್ತೆಯ ಕೆಸರು, ನೀರು ಎಲ್ಲವೂ ಸಿಲಿಂಡರಿನ ಮೇಲೆಯೇ. ಎಣ್ಣೆಯ ಮಟ್ಟ ನೋಡಬೇಕಾದರೆ ಚಾಪೆ ಎತ್ತಿ, ಮುಚ್ಚಳ ತೆಗೆದು, ಬಗ್ಗಿ ಇಣುಕಬೇಕು. ಬಗ್ಗಿ ನೋಡಬೇಕಾದದ್ದನ್ನು ಮನುಷ್ಯ ಮುಂದೂಡುತ್ತಾನೆ. ಎಲ್ಲ ಚಕ್ರಗಳಿಗೂ ಒಂದೇ ಕೊಳಾಯಿಯ ಜಾಲವಿದ್ದುದರಿಂದ ಎಲ್ಲಿ ಸೋರಿದರೂ ಪೆಡಲು ನೆಲಕ್ಕೆ ಕೂರುತ್ತಿತ್ತು.

1957ರ ಫೋರ್ಡ್ ಪಿಕಪ್ಪಿನಲ್ಲಿ ಪೆಡಲು ಮೇಲಿನಿಂದ ತೂಗಾಡುವಂತಾಗಿ, ಸಿಲಿಂಡರು ಎಂಜಿನ್ನಿಗೂ ಚಾಲಕನಿಗೂ ನಡುವಿನ ಗೋಡೆಯನ್ನೇರಿತು. ಬೆಂಕಿಯೂ ಹೊಗೆಯೂ ಒಳಬಾರದಂತೆ ತಡೆಯುವ ಈ ತಗಡಿಗೆ ಫೈರ್‌ವಾಲ್ ಎಂದು ಹೆಸರು. ಒಂದು ಕಡೆ ಸೋರಿದರೂ ಅಷ್ಟಿಷ್ಟು ಬ್ರೇಕು ಉಳಿಯಲೇಬೇಕೆಂಬ ನಿಯಮ ಅಲ್ಲಿಯ ಹೊಸ ಕಾರುಗಳಿಗೆ 1968ರ ಜನವರಿಯಿಂದ ಜಾರಿಗೆ ಬಂದು, ಇಬ್ಬಾಗದ ಸಿಲಿಂಡರು ಸಾಮಾನ್ಯವಾಯಿತು. ಈಗ ಹಳೆಯ ಪಿಕಪ್ಪನ್ನು ಅಕ್ಕರೆಯಿಂದ ದುರಸ್ತು ಮಾಡುವವರು ಅನೇಕರು ಇಬ್ಬಾಗದ ಸಿಲಿಂಡರನ್ನೂ ಬಲ ಹೆಚ್ಚಿಸುವ ಬೂಸ್ಟರನ್ನೂ ತಂದು ಅದೇ ಗೋಡೆಗೆ ಬಿಗಿಯುತ್ತಾರೆ. ಅಪಾಯವಿರುವುದು ಇಲ್ಲಿಯೇ. 1957ರವರು ಗೋಡೆಯನ್ನು ಈ ಭಾರಕ್ಕೆಂದೇ ರೂಪಿಸಿದ್ದರು. 1948ರವರು ಬೆಂಕಿ ತಡೆದರೆ ಸಾಕೆಂದು ಮಾಡಿದ್ದರು.

ಲೆಕ್ಕವನ್ನು ನೋಡಿ. ಬೂಸ್ಟರಿಲ್ಲದ ಪೆಡಲಿನ ಸನ್ನೆ ಸುಮಾರು ಆರು ಪಾಲಿನದು. ಗಾಬರಿಯಾದ ಚಾಲಕ 50 ಕಿಲೋ ಬಲದಿಂದ ತುಳಿದರೆ ಸಿಲಿಂಡರಿನ ಮೇಲೆ ಬೀಳುವುದು 300 ಕಿಲೋ. ಅದು ಗೋಡೆಯನ್ನು ಮುಂದಕ್ಕೆ ಸೆಳೆಯುತ್ತದೆ. ಅದೇ ಕ್ಷಣ ಪೆಡಲಿನ ಮೇಲ್ಗೀಲು 250 ಕಿಲೋ ಬಲದಿಂದ ಹಿಂದಕ್ಕೆ ತಳ್ಳಲ್ಪಡುತ್ತದೆ. ಈ ಜಗ್ಗಾಟಕ್ಕೆ ಸಿಕ್ಕಿದ ತೆಳುತಗಡು ಎರಡೇ ಮಿಲಿಮೀಟರು ಬಾಗಿದರೂ ಪೆಡಲಿನಲ್ಲಿ 12 ಮಿಲಿಮೀಟರು ವ್ಯರ್ಥವಾಗುತ್ತದೆ. ಪೆಡಲು ಮೆತ್ತಗಾಯಿತೆಂದು ಮೇಸ್ತ್ರಿ ಕೊಳಾಯಿಯ ಗಾಳಿಯನ್ನು ಪದೇ ಪದೇ ತೆಗೆಯುತ್ತಾನೆ. ರೋಗ ಗೋಡೆಯಲ್ಲಿ, ಔಷಧ ಕೊಳಾಯಿಗೆ! ಬಾಗಿ ಬಾಗಿ ಬೋಲ್ಟಿನ ತೂತುಗಳ ಸುತ್ತ ತಗಡು ಬಿರುಕು ಬಿಡುವುದೂ ಉಂಟು.

ಬಲಪಡಿಸುವ ಕ್ರಮ ಸರಳ. ಮೂರು ಮಿಲಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ಫಲಕವನ್ನು ಗೋಡೆಯ ಒಳಗೂ ಹೊರಗೂ ಇಟ್ಟು, ತಗಡನ್ನು ನಡುವೆ ಹಿಡಿದು ಬಿಗಿಯುವುದು. ಫಲಕ ಸಿಲಿಂಡರಿನಷ್ಟೇ ಇದ್ದರೆ ಸಾಲದು, ಆದಷ್ಟು ಹರಡಿರಬೇಕು. ಗೋಡೆ ಎರಡು ಪದರದ್ದಾಗಿದ್ದರೆ ಬೋಲ್ಟಿಗೆ ಕೊಳವೆ ತೊಡಿಸದೆ ಬಿಗಿಯಬಾರದು. ಪದರಗಳು ಜಜ್ಜಿ ಬಿಗಿತ ಸಡಿಲುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಪೆಡಲಿನ ಮೇಲ್ಗೀಲನ್ನೂ ಸಿಲಿಂಡರನ್ನೂ ಒಂದೇ ಗಟ್ಟಿ ಚೌಕಟ್ಟಿಗೆ ಕೂಡಿಸುವುದು. ಆಗ ಆ 300 ಮತ್ತು 250 ಕಿಲೋಗಳ ಜಗಳ ಚೌಕಟ್ಟಿನೊಳಗೇ ಮುಗಿದು, ಗೋಡೆಯ ಪಾಲಿಗೆ ಉಳಿಯುವುದು ಚಾಲಕನ ಕಾಲಿನ 50 ಕಿಲೋ ಒಂದೇ. ಅದು ತಿರುಚದಂತೆ ಡ್ಯಾಷ್‌ಬೋರ್ಡಿನ ಕೆಳಗಿನಿಂದ ಮೇಲಿನ ಗಟ್ಟಿ ಅಂಚಿಗೆ ಒಂದು ಆನಿಕೆ ಕೊಟ್ಟರಾಯಿತು. ಹೊಳೆಯುವ ಬಣ್ಣಕ್ಕೆ ಧಾರಾಳವಾಗಿ ಸುರಿಯುವವರು ಈ ಕಣ್ಣಿಗೆ ಬೀಳದ ತುಂಡು ಕಬ್ಬಿಣಕ್ಕೆ ಜಿಪುಣರಾಗುವುದು ಸೋಜಿಗ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಯಂತ್ರವೇನೂ ಬೇಡ. ಎಂಜಿನ್ನನ್ನು ನಿಲ್ಲಿಸಿ, ಒಬ್ಬನು ಒಳಗೆ ಕುಳಿತು ಮೈಭಾರವೆಲ್ಲ ಬಿಟ್ಟು ಪೆಡಲನ್ನು ತುಳಿಯುತ್ತಾನೆ. ಇನ್ನೊಬ್ಬನು ಮುಂದಿನ ಮುಚ್ಚಳವನ್ನೆತ್ತಿ, ದೀಪ ಹಿಡಿದು, ಸಿಲಿಂಡರಿನ ಮೂತಿಯನ್ನು ನೋಡುತ್ತಾನೆ. ಅದು ತಲೆದೂಗಿದರೆ ಬೋಲ್ಟುಗಳನ್ನು ಮತ್ತೆ ಬಿಚ್ಚಬೇಕು.